ಕಾಡುಭತ್ತ ಹುಟ್ಟಿದ ನೆಲದಲ್ಲೇ ಉಳಿಯಬೇಕು



ಭತ್ತಕ್ಕೆ ಬರುವ ರೋಗಗಳ ಮಾತು ಬಂದಾಗ ನಮ್ಮ ಗಮನ ಔಷಧಿ ಅಂಗಡಿಯ ಕಡೆಗೋ ಹೊಸ ತಳಿಯ ಕಡೆಗೋ ಹೋಗುತ್ತದೆ. ಆ ಹೊಸ ತಳಿಗೆ ರೋಗ ತಡೆಯುವ ಗುಣ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಕಳೆದ ಐವತ್ತು ವರ್ಷಗಳಲ್ಲಿ ಹಲವು ಸಲ ಅದು ಬಂದದ್ದು ಕಾಡುಭತ್ತದಿಂದ: ಕೆರೆಯ ಅಂಚಿನ ಜೌಗಿನಲ್ಲಿ, ರಸ್ತೆ ಬದಿಯ ತಗ್ಗಿನಲ್ಲಿ, ಕಾಡಿನ ನೆರಳಿನಲ್ಲಿ ತಾನಾಗಿ ಬೆಳೆಯುವ, ಮಾಗುತ್ತಿದ್ದಂತೆಯೇ ಕಾಳು ಉದುರಿಸಿಬಿಡುವ, ಗದ್ದೆಗೆ ಬಂದರೆ ಕಳೆಯೆಂದು ರೈತ ಕಿತ್ತೆಸೆಯುವ ಹುಲ್ಲಿನಿಂದ. ಅದರ ಬೀಜವನ್ನು ಒಮ್ಮೆ ಆಯ್ದು ತಂದು ಶೀತಲ ಕೋಣೆಯಲ್ಲಿ ಇಟ್ಟುಬಿಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. ಅಷ್ಟು ಸಾಲದು ಎಂಬುದು ನನ್ನ ವಾದ. ರೋಗಾಣು ಬದಲಾಗುತ್ತಲೇ ಇರುತ್ತದೆ. ಅದರ ಎದುರಿಗೆ ತಾನೂ ಬದಲಾಗುತ್ತ ಬಂದ ಸಸ್ಯಸಮೂಹ ತನ್ನ ನೆಲದಲ್ಲಿ ಜೀವಂತವಾಗಿ ಉಳಿದರೆ ಮಾತ್ರ ಮುಂದಿನ ತಲೆಮಾರಿನ ತಳಿವಿಜ್ಞಾನಿಗೆ ಹುಡುಕಲು ಏನಾದರೂ ಇರುತ್ತದೆ. ಹಾಗಾಗಿ ಕಾಡುಭತ್ತದ ನೆಲೆಗಳ ರಕ್ಷಣೆಯನ್ನು ಪರಿಸರಾಸಕ್ತರ ಹವ್ಯಾಸಕ್ಕೆ ಬಿಡದೆ ಭತ್ತದ ಸಂಶೋಧನೆಯ ಭಾಗವಾಗಿಯೇ ಎಣಿಸಬೇಕು, ಅದಕ್ಕೆ ಅಲ್ಲಿಂದಲೇ ಹಣ ತೆಗೆದಿಡಬೇಕು.

ಮೊದಲ ಸಾಕ್ಷ್ಯ ನಮ್ಮ ದೇಶದ್ದೇ ಒಂದು ಹುಲ್ಲು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್ 8 ಗಿಡ್ಡ ತಳಿಯನ್ನು ಬಿಡುಗಡೆ ಮಾಡಿದ ಮೇಲೆ ಏಷ್ಯಾದ ಗದ್ದೆಗಳ ಸ್ವರೂಪವೇ ಬದಲಾಯಿತು. ಒಂದೇ ಬಗೆಯ ತಳಿ, ಹೆಚ್ಚು ಸಾರಜನಕ, ವರ್ಷಕ್ಕೆ ಎರಡು ಮೂರು ಬೆಳೆ. ಇವೆಲ್ಲ ಸೇರಿದಾಗ ಕಂದು ಜಿಗಿಹುಳುವಿಗೆ ವರ್ಷವಿಡೀ ಆಹಾರ ಸಿಕ್ಕಿತು. ಈ ಹುಳು ರಸ ಹೀರುವುದರ ಜೊತೆಗೆ ಗ್ರಾಸಿ ಸ್ಟಂಟ್ ಎಂಬ ನಂಜುರೋಗವನ್ನೂ ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಸೋಂಕು ತಗಲಿದ ಬುಡ ಕುಳ್ಳಾಗಿ, ಲೆಕ್ಕವಿಲ್ಲದಷ್ಟು ತೆಂಡೆ ಒಡೆದು, ಹುಲ್ಲಿನ ಪೊದೆಯಂತೆ ನಿಲ್ಲುತ್ತದೆ. ತೆನೆ ಬರುವುದಿಲ್ಲ, ಬಂದರೂ ಜೊಳ್ಳು. 1970ರ ದಶಕದಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾ, ನಮ್ಮ ಕೇರಳ ಇದರಿಂದ ಬಹಳ ನರಳಿದವು. ನಿರೋಧ ಗುಣ ಹುಡುಕಲು ಸಂಸ್ಥೆಯವರು ಕೃಷಿಭತ್ತ ಮತ್ತು ಕೆಲವು ಕಾಡುಭತ್ತಗಳ 6,723 ಮಾದರಿಗಳನ್ನು ಪರೀಕ್ಷಿಸಿದರು. ಸಾವಿರಾರು ಕೃಷಿತಳಿಗಳಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ ಒಂದೇ ಒಂದು ಕಾಡುಭತ್ತದ ಮಾದರಿ. ಅದೇ ಒರೈಜಾ ನಿವಾರ. 1965ರಲ್ಲಿ ಶರ್ಮಾ ಮತ್ತು ಶಾಸ್ತ್ರಿ ಎಂಬ ಭಾರತೀಯ ವಿಜ್ಞಾನಿಗಳು ಇದನ್ನು ಪ್ರತ್ಯೇಕ ಪ್ರಭೇದವೆಂದು ವರ್ಣಿಸಿ, ಋಷ್ಯಾಶ್ರಮಗಳ ಆಹಾರವೆಂದು ನಮ್ಮ ಕಾವ್ಯಗಳು ಹೇಳುವ ನೀವಾರದ ಹೆಸರನ್ನೇ ಕೊಟ್ಟಿದ್ದರು. ಆ ಮಾದರಿಯಲ್ಲೂ ಎಲ್ಲ ಸಸಿಗಳು ನಿರೋಧಕವಾಗಿರಲಿಲ್ಲ, ಕೆಲವೇ ಇದ್ದವು. ಸಂಸ್ಥೆಯ ಗುರುದೇವ್ ಸಿಂಗ್ ಖುಷ್ ಮತ್ತು ಅವರ ಸಹೋದ್ಯೋಗಿಗಳು ಆ ಕೆಲವು ಸಸಿಗಳ ಒಂದು ವಂಶವಾಹಿಯನ್ನು ಕೃಷಿಭತ್ತಕ್ಕೆ ಸೇರಿಸಿದರು. 1974ರಲ್ಲಿ ಐಆರ್ 28, 29, 30 ತಳಿಗಳು, 1976ರಲ್ಲಿ ಐಆರ್ 36 ಹೊರಬಂದವು. ಐಆರ್ 36 ಒಂದನ್ನೇ 1980ರ ದಶಕದಲ್ಲಿ ಸುಮಾರು 1.1 ಕೋಟಿ ಹೆಕ್ಟೇರ್‌ನಲ್ಲಿ ಬೆಳೆದರು. ಅಷ್ಟು ದೊಡ್ಡ ಪ್ರದೇಶದ ಅನ್ನ ಉಳಿಯಲು ಒಂದು ತಗ್ಗಿನಲ್ಲಿ ಬೆಳೆದಿದ್ದ ಬೆರಳೆಣಿಕೆಯ ಗಿಡಗಳು ಕಾರಣವಾದವು. ಅಲ್ಲಿಗೆ ಬೀಜ ಆಯುವವರು ಹೋಗುವ ಮೊದಲೇ ಆ ತಗ್ಗನ್ನು ಯಾರಾದರೂ ಮಣ್ಣು ಹಾಕಿ ಮುಚ್ಚಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಂಡಿಲ್ಲ.

ಕಾಡಿನ ಬಂಧುವಿನಲ್ಲಿ ಇರುವ ಗುಣ ಗದ್ದೆಯ ಭತ್ತದಲ್ಲಿ ಯಾಕಿಲ್ಲ? ಸಾವಿರಾರು ವರ್ಷಗಳ ಹಿಂದೆ ಮನುಷ್ಯ ಕಾಡುಭತ್ತದ ನಡುವಿನಿಂದ ತನಗೆ ಬೇಕಾದ ಗಿಡಗಳನ್ನು ಆರಿಸಿಕೊಂಡ. ಕಾಳು ಉದುರಬಾರದು, ಎಲ್ಲ ತೆನೆ ಒಟ್ಟಿಗೆ ಮಾಗಬೇಕು, ಬಿತ್ತಿದ ಬೀಜ ಒಟ್ಟಿಗೆ ಮೊಳೆಯಬೇಕು. ಈ ಆಯ್ಕೆಯಲ್ಲಿ ಗೆದ್ದದ್ದು ಕೆಲವು ಗಿಡಗಳ ಸಂತಾನ ಮಾತ್ರ. ಉಳಿದ ಗಿಡಗಳಲ್ಲಿದ್ದ ವೈವಿಧ್ಯ ಹಿಂದೆಯೇ ಉಳಿಯಿತು. ಕಾಡಿನಲ್ಲಿ ಉಳಿದ ಭತ್ತಕ್ಕೆ ಔಷಧಿ ಹೊಡೆಯುವವರಿಲ್ಲ. ಬೆಂಕಿ ರೋಗದ ಶಿಲೀಂಧ್ರ, ಅಂಗಮಾರಿಯ ದುಂಡಾಣು, ಜಿಗಿಹುಳು, ನಂಜು ಇವೆಲ್ಲವನ್ನೂ ಅದು ಪ್ರತಿ ಮಳೆಗಾಲದಲ್ಲೂ ತಾನೇ ಎದುರಿಸಬೇಕು. ಹಾಗೆಂದು ಕಾಡುಭತ್ತಕ್ಕೆ ರೋಗವೇ ಬರುವುದಿಲ್ಲ ಎಂದು ತಿಳಿಯಬಾರದು. ಈ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಬರುತ್ತದೆ, ಅನೇಕ ಗಿಡಗಳು ಸಾಯುತ್ತವೆ. ಆದರೆ ಒಂದೇ ಜೌಗಿನಲ್ಲಿ ಬಗೆಬಗೆಯ ನಿರೋಧ ಗುಣಗಳಿರುವ ಗಿಡಗಳು ಬೆರೆತಿರುವುದರಿಂದ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ನಮಗೆ ಬೇಕಾದದ್ದು ಆ ಬೆರಕೆ. ಒರೈಜಾ ಕುಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಭೇದಗಳಿದ್ದು, ಕೃಷಿಯಾದವು ಏಷ್ಯಾದ್ದೊಂದು, ಪಶ್ಚಿಮ ಆಫ್ರಿಕಾದ್ದೊಂದು, ಎರಡೇ. ಉಳಿದವೆಲ್ಲ ಕಾಡಿನವು.

ಕಾಡಿನ ಗುಣವನ್ನು ಗದ್ದೆಗೆ ತರುವುದು ತಾಳ್ಮೆಯ ಕೆಲಸ. ಹತ್ತಿರದ ಬಂಧುವಾದರೆ ನೇರ ಸಂಕರ ಸಾಧ್ಯ. ದೂರದ್ದಾದರೆ ಹೂವಿನಲ್ಲಿ ಕೂಡಿದ ಭ್ರೂಣ ಸಾಯುವ ಮೊದಲೇ ಅದನ್ನು ತೆಗೆದು ಪ್ರಯೋಗಾಲಯದಲ್ಲಿ ಸಾಕಿ ಗಿಡ ಮಾಡಬೇಕು. ಬೆಂಕಿ ರೋಗದ ಶಿಲೀಂಧ್ರದ ಅನೇಕ ಬಗೆಗಳನ್ನು ತಡೆಯುವ ಪಿಐ9 ಎಂಬ ವಂಶವಾಹಿ ಬಂದದ್ದು ಒರೈಜಾ ಮೈನ್ಯೂಟಾದಿಂದ. ಕೃಷಿಭತ್ತದಲ್ಲಿ 24 ವರ್ಣತಂತುಗಳಿದ್ದರೆ ಅದರಲ್ಲಿ 48. ಹೀಗೆ ಹುಟ್ಟಿದ ಸಂಕರ ಗಿಡದಲ್ಲಿ ಬೇಕಾದ ಒಂದು ಗುಣದ ಜೊತೆಗೆ ಬೇಡದ ನೂರು ಗುಣಗಳೂ ಇರುತ್ತವೆ: ಉದುರುವ ಕಾಳು, ಉದ್ದ ಮುಳ್ಳು, ನೆಲಕ್ಕೆ ಹರಡುವ ಕಾಂಡ, ಜೊಳ್ಳು ತೆನೆ. ಅದನ್ನು ಮತ್ತೆ ಮತ್ತೆ ಒಳ್ಳೆಯ ತಳಿಯ ಜೊತೆಗೇ ಸಂಕರಿಸುತ್ತ ಹೋಗಬೇಕು. ಪ್ರತಿ ಸಲವೂ ಕಾಡಿನ ಪಾಲು ಅರ್ಧಕ್ಕಿಳಿಯುತ್ತದೆ. ಮೊದಲ ಸಂಕರದಲ್ಲಿ ಶೇ. 50 ಇದ್ದದ್ದು ನಾಲ್ಕು ಮರುಸಂಕರಗಳ ಹೊತ್ತಿಗೆ ಸರಾಸರಿ ಶೇ. 3ಕ್ಕೆ ಬರುತ್ತದೆ. ಆದರೆ ಬೇಕಾದ ವಂಶವಾಹಿಯ ಅಕ್ಕಪಕ್ಕದಲ್ಲೇ ಅಂಟಿಕೊಂಡ ಬೇಡದ ವಂಶವಾಹಿಗಳು ಸುಲಭಕ್ಕೆ ಬಿಡುವುದಿಲ್ಲ.

ಇದರ ಅತ್ಯುತ್ತಮ ಉದಾಹರಣೆಯಾದ ವಂಶವಾಹಿ ಎಕ್ಸ್‌ಎ21. ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಬೆಳೆಯುವ ಒರೈಜಾ ಲಾಂಜಿಸ್ಟಾಮಿನೇಟಾ ನೆಲದಡಿಯ ಗೆಡ್ಡೆಕಾಂಡದಿಂದ ಹಬ್ಬುವ ಬಹುವಾರ್ಷಿಕ ಹುಲ್ಲು. ಅದರ ಮಾದರಿ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಬಂದಿತ್ತು. ದುಂಡಾಣು ಎಲೆ ಅಂಗಮಾರಿಯ ಯಾವ ಬಗೆಯ ದುಂಡಾಣುವನ್ನು ಸೋಕಿಸಿದರೂ ಅದು ಜಗ್ಗಲಿಲ್ಲ ಎಂಬುದನ್ನು ಅಲ್ಲಿನ ವಿಜ್ಞಾನಿ ದೇವದತ್ ಗುರುತಿಸಿದರು. ಆ ಗುಣವನ್ನು ಫಿಲಿಪ್ಪೀನ್ಸ್‌ನಲ್ಲಿ ಐಆರ್ 24 ತಳಿಗೆ ಸೇರಿಸಲು ಸುಮಾರು ಹನ್ನೆರಡು ವರ್ಷ ಹಿಡಿಯಿತು. 1995ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಆವರಣದಲ್ಲಿ ಪಮೇಲಾ ರೊನಾಲ್ಡ್ ಅವರ ತಂಡ ಆ ವಂಶವಾಹಿಯನ್ನು ಪ್ರತ್ಯೇಕಿಸಿತು. ಜೀವಕೋಶದ ಹೊರಪೊರೆಯಲ್ಲಿ ಕುಳಿತು ದುಂಡಾಣುವಿನ ಒಂದು ಅಣುವನ್ನು ಗುರುತಿಸಿ ಒಳಗೆ ಸುದ್ದಿ ಮುಟ್ಟಿಸುವ ಪ್ರೋಟೀನನ್ನು ಅದು ತಯಾರಿಸುತ್ತದೆ ಎಂದು ತಿಳಿದುಬಂತು. ಅದರ ನೆಲೆ ಗೊತ್ತಾದ್ದರಿಂದ ಸಂಕರದ ಸಸಿಗಳಲ್ಲಿ ಅದು ಇದೆಯೇ ಎಂದು ಒಂದು ತುಣುಕು ಎಲೆಯ ಡಿಎನ್‌ಎ ನೋಡಿಯೇ ಹೇಳುವುದು ಸಾಧ್ಯವಾಯಿತು. ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಕೋಶ ಹಾಗೂ ಅಣುಜೀವವಿಜ್ಞಾನ ಕೇಂದ್ರ ಸೇರಿ ಈ ವಿಧಾನದಿಂದ ಸಾಂಬಾ ಮಸೂರಿಗೆ ಎಕ್ಸ್‌ಎ21ರ ಜೊತೆ ಇನ್ನೆರಡು ನಿರೋಧ ವಂಶವಾಹಿಗಳನ್ನು ಕೂಡಿಸಿದವು. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿ ಇದೇ. ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿಪಿಟಿ ಎಂದು ಕರೆಯುವ, ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ದಶಕಗಳಿಂದ ಬೆಳೆಯುತ್ತಿರುವ ತಳಿಯ ಸಣ್ಣಕ್ಕಿಯ ಗುಣ ಕೆಡದೆ, ಮಾಲಿಯ ಹುಲ್ಲಿನ ಒಂದು ವಂಶವಾಹಿ ಅದರೊಳಗೆ ಬಂದು ಸೇರಿತು. ಒಂದು ವರ್ಷ ಮೊದಲೇ ದೆಹಲಿಯ ವಿಜ್ಞಾನಿಗಳು ಬಾಸ್ಮತಿಗೂ ಅದನ್ನು ಕೊಟ್ಟಿದ್ದರು. ಈ ರೋಗಕ್ಕೆ ನಂಬಬಹುದಾದ ಔಷಧಿಯೇ ಇಲ್ಲ. ಮನುಷ್ಯರ ಕಾಯಿಲೆಗೆ ಬೇಕಾದ ಆ್ಯಂಟಿಬಯೋಟಿಕ್ಕುಗಳನ್ನೇ ಗದ್ದೆಗೆ ಸಿಂಪಡಿಸುವ ರೂಢಿ ಬೆಳೆದಿತ್ತು. ಅದನ್ನು ನಿಲ್ಲಿಸಬಲ್ಲ ದಾರಿ ನಿರೋಧಕ ತಳಿಯೇ.

ಇಲ್ಲಿಯವರೆಗೆ ಹೇಳಿದ್ದು ಗೆಲುವಿನ ಕಥೆ, ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ವಾದ ಇದರ ಮುಂದಿನ ಭಾಗದಲ್ಲಿದೆ. 1980ರ ದಶಕದ ಆರಂಭದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಗ್ರಾಸಿ ಸ್ಟಂಟ್ ನಂಜಿನ ಇನ್ನೊಂದು ರೂಪ ಕಾಣಿಸಿಕೊಂಡಿತು. ನಿವಾರದಿಂದ ಬಂದ ವಂಶವಾಹಿ ಅದರ ಮುಂದೆ ಕೆಲಸ ಮಾಡಲಿಲ್ಲ. ಎಕ್ಸ್‌ಎ21ನ್ನು ಮೀರಬಲ್ಲ ದುಂಡಾಣುಗಳು ಕೊರಿಯಾ, ನೇಪಾಳಗಳಲ್ಲಿ ದಾಖಲಾಗಿವೆ. ಒಂದು ನಿರೋಧ ವಂಶವಾಹಿಯನ್ನು ಲಕ್ಷಾಂತರ ಹೆಕ್ಟೇರಿನಲ್ಲಿ ಒಂದೇ ರೀತಿ ಹರಡಿದಾಗ, ಅದನ್ನು ದಾಟುವ ಒಂದೇ ಒಂದು ರೋಗಾಣುವಿಗೆ ಇಡೀ ಬಯಲು ತೆರೆದುಕೊಳ್ಳುತ್ತದೆ. ಆದ್ದರಿಂದಲೇ ತಳಿವಿಜ್ಞಾನಿಗಳು ಎರಡು ಮೂರು ವಂಶವಾಹಿಗಳನ್ನು ಒಟ್ಟುಗೂಡಿಸುತ್ತಾರೆ. ಅದರಿಂದ ಕಾಲಾವಕಾಶ ಸಿಗುತ್ತದೆ, ಶಾಶ್ವತ ರಕ್ಷಣೆ ಸಿಗುವುದಿಲ್ಲ. ಹೊಸ ಮೂಲಗಳ ಅಗತ್ಯ ಹೀಗೆ ಮುಗಿಯುವಂಥದ್ದೇ ಅಲ್ಲ. ಲುಧಿಯಾನದ ಕೃಷಿ ವಿಶ್ವವಿದ್ಯಾಲಯದವರು ನಿವಾರದಲ್ಲೇ ಮತ್ತೆ ಹುಡುಕಿ ಅಂಗಮಾರಿಗೆ ಎಕ್ಸ್‌ಎ38 ಎಂಬ ಇನ್ನೊಂದು ವಂಶವಾಹಿಯನ್ನು ಕಂಡುಕೊಂಡರು. ಚೀನಾದವರು ಒರೈಜಾ ರುಫಿಪೋಗನ್‌ನಲ್ಲಿ ಎಕ್ಸ್‌ಎ23 ಕಂಡರು. ಹುಡುಕಿದವರಿಗೆ ಸಿಗುತ್ತಿದೆ, ಹುಡುಕಲು ಜಾಗ ಇರುವತನಕ.

ಆ ಜಾಗಗಳ ಸ್ಥಿತಿ ಏನು? ತೈವಾನಿನ ಕಾಡುಭತ್ತ ಇಪ್ಪತ್ತನೇ ಶತಮಾನದಲ್ಲೇ ಅದರ ಸ್ವಂತ ನೆಲದಿಂದ ಅಳಿದುಹೋಯಿತು. ನೆಲೆಗಳು ನಾಶವಾದದ್ದು ಒಂದು ಕಾರಣ. ಪಕ್ಕದ ಗದ್ದೆಯ ಪರಾಗ ಬಿದ್ದು ಬಿದ್ದು ಅದು ಕಾಡುಭತ್ತವಾಗಿಯೇ ಉಳಿಯದೆ ಹೋದದ್ದು ಇನ್ನೊಂದು ಕಾರಣ. 1979ರಲ್ಲೇ ಇದನ್ನು ವಿಜ್ಞಾನಿಗಳು ವಿವರವಾಗಿ ಬರೆದಿಟ್ಟರು. ಚೀನಾದ ಜಿಯಾಂಗ್‌ಷಿ ಪ್ರಾಂತದ ಡೊಂಗ್‌ಷಿಯಾಂಗ್‌ನಲ್ಲಿ 1978ರಲ್ಲಿ ಪತ್ತೆಯಾದ ಕಾಡುಭತ್ತ ಜಗತ್ತಿನಲ್ಲಿ ಅತ್ಯಂತ ಉತ್ತರಕ್ಕೆ ಬೆಳೆಯುವಂಥದ್ದು, ಚಳಿ ತಡೆಯುವ ಗುಣಕ್ಕೆ ಹೆಸರಾದದ್ದು. ಅಲ್ಲಿ ಒಂಬತ್ತು ಸಮೂಹಗಳಿದ್ದವು. ಕೆಲವೇ ವರ್ಷಗಳಲ್ಲಿ ಉಳಿದದ್ದು ಮೂರು. ಆಮೇಲೆ ಸುತ್ತ ಗೋಡೆ ಕಟ್ಟಿ ಕಾಪಾಡಿದರು. 2017ರಲ್ಲಿ ಪ್ರಕಟವಾದ ಒಂದು ಜೀನೋಮ್ ಅಧ್ಯಯನ ಇನ್ನೂ ಕಳವಳದ ಸಂಗತಿ ಹೇಳಿತು: ಏಷ್ಯಾದಲ್ಲಿ ನಾವು ಕಾಡುಭತ್ತ ಎಂದು ಕರೆಯುವ ಸಸ್ಯಗಳಲ್ಲಿ ಬಹಳಷ್ಟರೊಳಗೆ ಕೃಷಿಭತ್ತದ ರಕ್ತ ಈಗಾಗಲೇ ಗಣನೀಯವಾಗಿ ಬೆರೆತಿದೆ. ಹೊರನೋಟಕ್ಕೆ ಹುಲ್ಲು ಇದೆ, ಆದರೆ ನಮಗೆ ಬೇಕಾದ ವೈವಿಧ್ಯ ಸದ್ದಿಲ್ಲದೆ ಸೋರಿಹೋಗುತ್ತಿದೆ. ಕಾಡುಪ್ರಾಣಿಯೊಂದು ಕಡಿಮೆಯಾದರೆ ಗಣತಿಯಲ್ಲಿ ಗೊತ್ತಾಗುತ್ತದೆ. ಈ ನಷ್ಟ ಯಾವ ಗಣತಿಗೂ ಸಿಗುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಬೀಜ ಭಂಡಾರದ್ದು. ಫಿಲಿಪ್ಪೀನ್ಸ್‌ನ ಭಂಡಾರದಲ್ಲಿ 1,30,000ಕ್ಕೂ ಹೆಚ್ಚು ಭತ್ತದ ಮಾದರಿಗಳಿವೆ, ದೆಹಲಿಯ ರಾಷ್ಟ್ರೀಯ ಭಂಡಾರವಿದೆ, ಇನ್ನೇನು ಬೇಕು ಎನ್ನುತ್ತಾರೆ. ಆ ಭಂಡಾರಗಳ ಬೆಲೆ ನನಗೆ ಗೊತ್ತು. ಅವು ಇಲ್ಲದಿದ್ದರೆ ಮೇಲೆ ಹೇಳಿದ ಒಂದು ಕೆಲಸವೂ ಆಗುತ್ತಿರಲಿಲ್ಲ. ಆದರೆ ಆ ಸಂಗ್ರಹದಲ್ಲಿ ಕಾಡು ಪ್ರಭೇದಗಳ ಪಾಲು ಸಣ್ಣದು. ಒಂದು ಜೌಗಿನ ಸಾವಿರಾರು ಗಿಡಗಳ ಪೈಕಿ ಕೆಲವು ತೆನೆಯ ಬೀಜ ಮಾತ್ರ ಲಕೋಟೆಗೆ ಹೋಗುತ್ತದೆ. ನಿವಾರದ ಒಂದೇ ಮಾದರಿಯಲ್ಲಿ ಕೆಲವೇ ಸಸಿಗಳಿಗೆ ನಿರೋಧ ಗುಣವಿತ್ತು ಎಂಬುದನ್ನು ಇಲ್ಲಿ ನೆನೆಯಿರಿ. ಆಯುವವರ ಕೈ ಪಕ್ಕದ ಗಿಡಕ್ಕೆ ಹೋಗಿದ್ದರೆ ಆ ಗುಣ ಭಂಡಾರಕ್ಕೆ ಬರುತ್ತಲೇ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಂಜುಗಡ್ಡೆಯ ಉಷ್ಣತೆಗಿಂತ ಕೆಳಗೆ ಇಟ್ಟ ಬೀಜ ಆಯ್ದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಹೊರಗೆ ರೋಗಾಣು ಎಷ್ಟೋ ಮಳೆಗಾಲ ಮುಂದೆ ಬಂದಿರುತ್ತದೆ. ಭಂಡಾರ ಹಿಂದಿನದನ್ನು ಕಾಯುತ್ತದೆ, ಹೊಸದನ್ನು ಹುಟ್ಟಿಸುವ ಕೆಲಸ ಜೌಗಿನಲ್ಲೇ ನಡೆಯಬೇಕು.

ಎರಡನೆಯ ಆಕ್ಷೇಪ ನಾಟಿ ತಳಿಗಳ ಪರವಾಗಿ ಬರುತ್ತದೆ, ಅದನ್ನು ನಾನು ಗೌರವದಿಂದ ಕೇಳುತ್ತೇನೆ. ನಮ್ಮ ರೈತರು ಉಳಿಸಿಕೊಂಡು ಬಂದ ತಳಿಗಳಲ್ಲೇ ನಿರೋಧ ಗುಣ ಇರುವಾಗ ಕಾಡಿಗೆ ಯಾಕೆ ಹೋಗಬೇಕು? ಈ ಮಾತಿನಲ್ಲಿ ಸತ್ಯವಿದೆ. ಸುಧಾರಿತ ಸಾಂಬಾ ಮಸೂರಿಯ ಮೂರು ವಂಶವಾಹಿಗಳಲ್ಲಿ ಎರಡು ಕೃಷಿಭತ್ತದವೇ. ಸಾಧ್ಯವಿದ್ದಾಗ ನಾಟಿ ತಳಿಯಲ್ಲೇ ಮೊದಲು ಹುಡುಕಬೇಕು, ಅದು ಸುಲಭ, ಬೇಡದ ಗುಣಗಳ ಕಾಟವೂ ಕಡಿಮೆ. ಆದರೆ ಗ್ರಾಸಿ ಸ್ಟಂಟ್ ಬಂದಾಗ ಕೃಷಿತಳಿಗಳಲ್ಲಿ ಏನೂ ಸಿಗಲಿಲ್ಲ ಎಂಬುದನ್ನು ಮರೆಯುವ ಹಾಗಿಲ್ಲ. ಬೇಸಾಯಕ್ಕೆ ಬಂದಾಗಲೇ ಬಿಟ್ಟುಹೋದ ಗುಣವನ್ನು ಯಾವ ನಾಟಿ ತಳಿಯೂ ವಾಪಸು ಕೊಡಲಾರದು.

ಮೂರನೆಯದು ಇಂದಿನ ಉತ್ಸಾಹದ ಮಾತು: ವಂಶವಾಹಿ ತಿದ್ದುವ ತಂತ್ರ ಬಂದಿದೆ, ಕಾಡುಭತ್ತ ಇನ್ನು ಬೇಡ. ತಂತ್ರ ನಿಜಕ್ಕೂ ಶಕ್ತಿಶಾಲಿ. ಭತ್ತದ ಸಕ್ಕರೆ ಸಾಗಿಸುವ ಕೆಲವು ವಂಶವಾಹಿಗಳನ್ನು ಅಂಗಮಾರಿ ದುಂಡಾಣು ತನ್ನ ಊಟಕ್ಕಾಗಿ ಚಾಲೂ ಮಾಡಿಕೊಳ್ಳುತ್ತದೆ. ಆ ವಂಶವಾಹಿಗಳ ಆರಂಭದ ತುಣುಕನ್ನು ತಿದ್ದಿ ದುಂಡಾಣುವಿಗೆ ಹಿಡಿತ ಸಿಗದಂತೆ ಮಾಡಬಹುದೆಂದು 2019ರಲ್ಲಿ ತೋರಿಸಲಾಯಿತು. ಆದರೆ ಆ ಉಪಾಯ ಹೊಳೆದದ್ದು ಹೇಗೆ? ಕೆಲವು ತಳಿಗಳಲ್ಲಿ ಅಂಥ ಬದಲಾವಣೆ ಸಹಜವಾಗಿ ಆಗಿ ನಿರೋಧ ಗುಣ ಬಂದಿದ್ದನ್ನು ಮೊದಲು ಕಂಡಿದ್ದರಿಂದ. ಇರುವುದನ್ನು ತಿದ್ದುವುದು ಸುಲಭ, ಎಕ್ಸ್‌ಎ21ರಂಥ ಹೊಸ ಕಾವಲುಗಾರ ಪ್ರೋಟೀನನ್ನು ಬರಿಗೈಯಲ್ಲಿ ಊಹಿಸಿ ಬರೆಯುವುದು ಇನ್ನೂ ನಮ್ಮ ಕೈಗೆ ಬಂದಿಲ್ಲ. ತಿದ್ದುವ ತಂತ್ರ ಬೆಳೆದಷ್ಟೂ ಏನನ್ನು ಬರೆಯಬೇಕು ಎಂಬ ಮಾದರಿಗೆ ಬೇಡಿಕೆ ಹೆಚ್ಚುತ್ತದೆ. ಹನ್ನೆರಡು ವರ್ಷದ ಕೆಲಸವನ್ನು ಅದು ಎರಡು ಮೂರು ವರ್ಷಕ್ಕೆ ಇಳಿಸಬಹುದು. ಹಾಗಾದರೆ ಕಾಡುಭತ್ತದ ಉಪಯೋಗ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಔಷಧಿ ಹೊಡೆದರಾಯಿತು ಎನ್ನುವವರಿಗೆ ಒಂದೇ ಉದಾಹರಣೆ ಸಾಕು. ಬೆಂಕಿ ರೋಗಕ್ಕೆ ಬಳಸುವ ಟ್ರೈಸೈಕ್ಲಜೋಲ್‌ನ ಉಳಿಕೆಯ ಮಿತಿಯನ್ನು ಯುರೋಪಿಯನ್ ಒಕ್ಕೂಟ 2018ರಿಂದ ಹತ್ತು ಲಕ್ಷಕ್ಕೆ ಒಂದು ಭಾಗದಿಂದ ಅದರ ನೂರನೇ ಒಂದು ಪಾಲಿಗೆ ಇಳಿಸಿದಾಗ ನಮ್ಮ ಬಾಸ್ಮತಿ ರಫ್ತಿಗೆ ದೊಡ್ಡ ಪೆಟ್ಟು ಬಿತ್ತು.

ನಾಲ್ಕನೆಯ ಆಕ್ಷೇಪ ರೈತರದು, ಅದು ಅತ್ಯಂತ ನ್ಯಾಯವಾದದ್ದು. ಕಾಡುಭತ್ತ ಮತ್ತು ಅದರ ಬೆರಕೆ ಸಂತಾನ ಗದ್ದೆಯಲ್ಲಿ ದೊಡ್ಡ ಪೀಡೆ. ನಾಟಿ ಬಿಟ್ಟು ನೇರ ಬಿತ್ತನೆ ಮಾಡುವ ಕಡೆ ಸಸಿ ಹಂತದಲ್ಲಿ ಅದನ್ನು ಭತ್ತದಿಂದ ಬೇರೆ ಮಾಡಿ ಗುರುತಿಸುವುದೇ ಕಷ್ಟ. ಕೊಯ್ಲಿಗೆ ಮುನ್ನ ಉದುರಿದ ಕಾಳು ಮುಂದಿನ ವರ್ಷಕ್ಕೂ ಕಾಟ ಕೊಡುತ್ತದೆ. ಅದನ್ನು ಕೀಳುವ ಕೈಯನ್ನು ಯಾರೂ ತಡೆಯಬಾರದು. ನಾನು ಕೇಳುತ್ತಿರುವುದು ಗದ್ದೆಯಿಂದ ದೂರ ಇರುವ, ಬೇಸಾಯದ ಭತ್ತದ ಪರಾಗ ತಲುಪದ ಕೆಲವು ಜೌಗುಗಳನ್ನು. ಅಲ್ಲಿ ದೂರವೇ ಇಬ್ಬರಿಗೂ ರಕ್ಷಣೆ: ರೈತನ ಗದ್ದೆ ಕಳೆಯಿಂದ ಉಳಿಯುತ್ತದೆ, ಕಾಡುಭತ್ತ ಬೆರಕೆಯಿಂದ ಉಳಿಯುತ್ತದೆ. ಇದರ ಜೊತೆಗೇ ಲಾಭದ ಪ್ರಶ್ನೆಯೂ ಇದೆ. ಎಕ್ಸ್‌ಎ21ಕ್ಕೆ ಪೇಟೆಂಟ್ ಬಂದಾಗ ಮಾಲಿಯಂಥ ಮೂಲ ದೇಶಗಳ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಡೇವಿಸ್‌ನಲ್ಲಿ ಒಂದು ನಿಧಿ ಸ್ಥಾಪಿಸಿದರು. ಉದ್ದೇಶ ಒಳ್ಳೆಯದು, ಆದರೆ ಕಂಪನಿಗಳು ಆ ವಂಶವಾಹಿಯನ್ನು ಮಾರುಕಟ್ಟೆಗೆ ತರದ ಕಾರಣ ಅದು ಅಂದುಕೊಂಡ ಹಾಗೆ ತುಂಬಲಿಲ್ಲ. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ರಾಷ್ಟ್ರೀಯ ಜೀನ್ ನಿಧಿ ಇದೆ. ನಿರೋಧ ಗುಣ ಕೊಟ್ಟ ಜೌಗು ಯಾವ ಊರಿನದೋ ಆ ಊರಿಗೆ ಆ ನಿಧಿಯಿಂದ ಪಾಲು ಹೋಗುವಂತಾದರೆ, ಆ ಜೌಗನ್ನು ಕಾಯಲು ಊರಿಗೊಂದು ಕಾರಣ ಸಿಗುತ್ತದೆ.

ಇದೆಲ್ಲ ಆಗದ ಮಾತೇನಲ್ಲ, ಕಾನೂನೂ ಇದೆ, ಮಾದರಿಯೂ ಇದೆ. ಮೇಘಾಲಯದ ನೊಕ್ರೆಕ್‌ನಲ್ಲಿ ಕಾಡು ಕಿತ್ತಳೆಗಾಗಿ 1981ರಲ್ಲೇ ರಕ್ಷಿತ ನೆಲೆ ಮಾಡಿದರು. 2002ರ ಜೀವವೈವಿಧ್ಯ ಕಾಯಿದೆಯಡಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು 2007ರಲ್ಲಿ ಘೋಷಿತವಾದದ್ದು ನಮ್ಮ ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು. ಹಳೆಯ ಹುಣಸೆ ಮರಗಳಿಗೆ ಸಿಕ್ಕ ಗೌರವ ಒಂದು ಜೌಗಿನ ಹುಲ್ಲಿಗೂ ಸಿಗಬಹುದು. ಪಶ್ಚಿಮ ಘಟ್ಟದ ಕಾಡಿನ ನೆರಳಿನಲ್ಲಿ ಒರೈಜಾ ಗ್ರಾನ್ಯುಲೇಟಾ ಬೆಳೆಯುತ್ತದೆ, ಬಯಲಿನ ಕೆರೆಯಂಚುಗಳಲ್ಲಿ ನಿವಾರ ಇದೆ. ಪೊನ್ನಂಪೇಟೆಯಲ್ಲಿ ಬೆಂಕಿ ರೋಗ ಎಷ್ಟು ಜೋರಾಗಿ ಬರುತ್ತದೆಂದರೆ ದೇಶದ ತಳಿಗಳ ನಿರೋಧ ಶಕ್ತಿಯನ್ನು ಅಲ್ಲಿ ಒರೆಗೆ ಹಚ್ಚುತ್ತಾರೆ. ರೋಗವೂ ಕಾಡು ಬಂಧುಗಳೂ ಒಂದೇ ರಾಜ್ಯದಲ್ಲಿ ಇರುವಾಗ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇರೆ ಬೇಕಿಲ್ಲ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳಿಗೂ ರಾಜ್ಯ ಜೀವವೈವಿಧ್ಯ ಮಂಡಳಿಗೂ ನನ್ನ ಬಿನ್ನಹ ಇದು: ಕಾಡುಭತ್ತ ಇರುವ ಕೆರೆಯಂಚು, ಜೌಗು, ಕಾಡಿನ ತಾಣಗಳನ್ನು ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಹೆಸರು ಹಿಡಿದು ಬರೆಸಿ. ಗದ್ದೆಗಳಿಂದ ದೂರವಿರುವ ಕೆಲವನ್ನಾದರೂ ಪಾರಂಪರಿಕ ತಾಣವೆಂದು ಘೋಷಿಸಿ. ಅಲ್ಲಿನ ಗಿಡಗಳ ಬೀಜವನ್ನು ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಆಯ್ದು ಆ ಕಾಲದ ರೋಗಾಣುಗಳ ಎದುರು ಪರೀಕ್ಷಿಸಿ. ಕೆರೆ ಹೂಳೆತ್ತಿ ಅಂಚಿಗೆ ಕಲ್ಲು ಕಟ್ಟುವ ಯೋಜನೆಗೆ ಸಹಿ ಹಾಕುವ ಮೊದಲು ಆ ಅಂಚಿನಲ್ಲಿ ಯಾವ ಹುಲ್ಲು ಬೆಳೆದಿದೆ ಎಂದು ಒಬ್ಬ ಸಸ್ಯವಿಜ್ಞಾನಿಯನ್ನು ಕಳಿಸಿ ನೋಡಿಸಿ.